ಕೆರೆ ದಂಡೆಯ ಸಣ್ಣ ಊರಾ, ನಗರದ ಹೊರವಲಯದ ಬಡಾವಣೆಯಾ? ಮಕ್ಕಳಿರುವ ಸಂಸಾರಕ್ಕೆ ಯಾವುದು?

ಎರಡುಮನಸ್ಸು:

ಮನೆ ಬದಲಿಸಬೇಕು, ಎರಡು ಆಯ್ಕೆ ಉಳಿದಿವೆ. ಹೇಗೆ ಲೆಕ್ಕ ಹಾಕಬೇಕು, ಹೋಗಿ ಏನೇನು ನೋಡಬೇಕು ಎಂದು ತಿಳಿದವರು ಹೇಳಿದರೆ ಸಾಕು. "ಕೆರೆ ಪಕ್ಕ ಅಂದ್ರೆ ಸ್ವರ್ಗ" ಅನ್ನುವ ಉತ್ತರ ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ.

ಮನೆಯಲ್ಲಿ ಗಂಡ ಹೆಂಡತಿ, 4 ಮತ್ತು 9 ವರ್ಷದ ಮಕ್ಕಳು, 71ರ ಅತ್ತೆ. ಅತ್ತೆಯವರಿಗೆ ಬಿ.ಪಿ. ಇದೆ, ಒಂದು ಸ್ಟೆಂಟ್ ಹಾಕಿದೆ. ಒಬ್ಬರಿಗೆ ಮನೆಯಿಂದಲೇ ಕೆಲಸ, ಇನ್ನೊಬ್ಬರು ವಾರಕ್ಕೆ 3 ದಿನ ನಗರದ ಕಚೇರಿಗೆ ಹೋಗಬೇಕು.

ಊರು: ಕಚೇರಿಯಿಂದ 78 ಕಿ.ಮೀ., ಬಾಗಿಲಿಂದ ಮೇಜಿಗೆ 1 ಗಂಟೆ 40 ನಿಮಿಷ. ಮನೆ ನೀರಿನಿಂದ 90 ಮೀಟರ್. ಸ್ವಂತ ಬಾವಿ, ಸೆಪ್ಟಿಕ್ ಟ್ಯಾಂಕ್. ಶಾಲೆ ಒಂದೇ, ನಡೆದು 8 ನಿಮಿಷ.

ಬಡಾವಣೆ: 24 ಕಿ.ಮೀ., 55 ನಿಮಿಷ. 6 ವರ್ಷ ಹಳೆಯದು. ನಲ್ಲಿ ನೀರು, ಒಳಚರಂಡಿ ಎರಡೂ ಇವೆ. 5 ಕಿ.ಮೀ. ಒಳಗೆ ಮೂರು ಶಾಲೆ, ಆದರೆ ನಡೆದು ಹೋಗುವ ದೂರದಲ್ಲಿ ಒಂದೂ ಇಲ್ಲ.

ಬೆಲೆ ಹೆಚ್ಚುಕಡಿಮೆ ಒಂದೇ ಆಗುತ್ತದೆ, ಅದನ್ನು ಬಿಟ್ಟು ಹೇಳಿ.

ಕೋಡಿಮಟ್ಟ:

ಬಡಾವಣೆ ಬಗ್ಗೆ ಬೇರೆಯವರು ಹೇಳಲಿ, ನಾನು ನೀರಿನ ವಿಚಾರಕ್ಕೆ ನಿಲ್ಲುತ್ತೇನೆ. ದಂಡೆ ಮೇಲೆ ಮನೆ ತೆಗೆದುಕೊಳ್ಳುವವರು ನೋಟ ನೋಡಿ ಬರುತ್ತಾರೆ, ಕೆರೆಗೂ ಒಂದು ವಾರ್ಷಿಕ ದಿನಚರಿ ಇರುತ್ತದೆ ಎಂಬುದನ್ನು ನೋಡಿರುವುದಿಲ್ಲ.

ಮೊದಲು ಮಟ್ಟ. 90 ಮೀಟರ್ ಅನ್ನುವ ಅಂತರದಿಂದ ಏನೂ ಗೊತ್ತಾಗುವುದಿಲ್ಲ. 90 ಮೀಟರ್‌ನಲ್ಲಿ ನೆಲ 4 ಮೀಟರ್ ಏರಿದ್ದರೆ ನೆಮ್ಮದಿ, 80 ಸೆಂ.ಮೀ. ಏರಿದ್ದರೆ ಯೋಚಿಸಬೇಕು. ಮೊಬೈಲ್ ತೋರಿಸುವ ಎತ್ತರ ಹಲವು ಮೀಟರ್ ಆಚೀಚೆ ಆಗುತ್ತದೆ, ಈ ಕೆಲಸಕ್ಕೆ ಬಾರದು. ಹೀಗೆ ಅಳೆಯಿರಿ. ಗಾಳಿಯಿಲ್ಲದ ಬೆಳಿಗ್ಗೆ ಕೋಡಿ (ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಜಾಗ) ಹತ್ತಿರ ಹೋಗಿ, ಕೋಡಿಯ ತಲೆಯಿಂದ ಈಗಿನ ನೀರು ಎಷ್ಟು ಕೆಳಗಿದೆ ನೋಡಿ. 85 ಸೆಂ.ಮೀ. ಅಂದುಕೊಳ್ಳಿ. ನಿಂತ ನೀರು ಎಲ್ಲ ಕಡೆ ಒಂದೇ ಮಟ್ಟ, ಹಾಗಾಗಿ ನಿಮ್ಮ ಮನೆ ಎದುರಿನ ದಡದಲ್ಲೂ ನೀರಂಚಿಗಿಂತ 85 ಸೆಂ.ಮೀ. ಮೇಲೆ ಕೋಡಿ ಮಟ್ಟ ಇರುತ್ತದೆ. ಅಲ್ಲೊಂದು ಗೂಟ ಹೊಡೆದು, ಅಲ್ಲಿಂದ ಹೊಸ್ತಿಲವರೆಗೆ ಗಾರೆಯವರು ಬಳಸುವ ಮಟ್ಟದ ಪೈಪ್ ಹಿಡಿದು ಬನ್ನಿ. 20 ಮೀಟರ್ ಪಾರದರ್ಶಕ ಪೈಪ್ ಇದ್ದರೆ ಐದು ಸಲ ಹಿಡಿದರೆ ಮುಗಿಯಿತು. ಪ್ರತಿ ಸಲ ಎರಡು ತುದಿಯ ವ್ಯತ್ಯಾಸ ಬರೆದುಕೊಂಡು ಕೂಡಿ. ಪೈಪಿನೊಳಗೆ ಒಂದು ಗುಳ್ಳೆಯೂ ಇರಬಾರದು, ಇದ್ದರೆ ಮಟ್ಟ ತಪ್ಪು ತೋರಿಸುತ್ತದೆ. ನೀರು ತುಂಬಿದ ಮೇಲೆ ಎರಡೂ ತುದಿ ಪಕ್ಕಪಕ್ಕ ಹಿಡಿದು ಸಮ ನಿಲ್ಲುತ್ತದಾ ನೋಡಿಕೊಂಡೇ ಹೊರಡಿ.

ಆಮೇಲೆ, ದೊಡ್ಡ ಮಳೆಯಲ್ಲಿ ಕೋಡಿ ಮೇಲೆ ಎಷ್ಟು ಎತ್ತರ ನೀರು ಹರಿದಿದೆ ಎಂದು ಹುಡುಕಬೇಕು. ಸೇತುವೆ ಕಂಬ, ಹಳೆ ಗೋಡೆಗಳ ಮೇಲಿನ ಕಲೆ, ಬೇಲಿಗೆ ಸಿಕ್ಕಿಕೊಂಡ ಕಸ ಇವೇ ಸಾಕ್ಷಿ. 70 ಸೆಂ.ಮೀ. ಹರಿದಿದ್ದರೆ ಹೊಸ್ತಿಲು ಕೋಡಿ ಮಟ್ಟಕ್ಕಿಂತ ಕನಿಷ್ಠ 120 ಸೆಂ.ಮೀ. ಮೇಲಿರಲಿ, ಅಂದರೆ ಅರ್ಧ ಮೀಟರ್ ಕೈಯಲ್ಲಿ ಉಳಿಯಬೇಕು. ಕೋಡಿ ಬಾಯಿಗೆ ಜೊಂಡು, ಅಂತರಗಂಗೆ ಕಟ್ಟಿಕೊಂಡಿದ್ದರೆ ಅದೇ ಮಳೆಗೆ ನೀರು ಇನ್ನೂ ಮೇಲೇರುತ್ತದೆ. ಹೊಳೆ ನೆರೆ ಏರಿದಷ್ಟೇ ಬೇಗ ಇಳಿಯಬಹುದು. ಕೆರೆ ನೆರೆ ಹಾಗಲ್ಲ, ಹೊರದಾರಿ ಸಣ್ಣದಾದರೆ ವಾರಗಟ್ಟಲೆ ನಿಲ್ಲುತ್ತದೆ. ಗೋಡೆ ಹಾಳಾಗುವುದು ಆ ನಿಲ್ಲುವಿಕೆಯಿಂದಲೇ.

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಎಂದು ಯಾರಾದರೂ ಸಮಾಧಾನ ಹೇಳಿದರೆ ಅದರ ಅರ್ಥ ಪ್ರತಿ ವರ್ಷವೂ 1% ಸಾಧ್ಯತೆ. ನಿಮ್ಮ ಚಿಕ್ಕ ಮಗುವಿಗೆ 18 ತುಂಬುವ ಹೊತ್ತಿಗೆ, ಅಂದರೆ 14 ವರ್ಷದಲ್ಲಿ, ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 13%. 30 ವರ್ಷಕ್ಕೆ 26%. ಮನೆ ವಿಮೆಯ ಕಾಗದದಲ್ಲಿ ನೆರೆ ಸೇರಿದೆಯೋ ಇಲ್ಲವೋ ಸಹಿಗೆ ಮೊದಲೇ ಓದಿ. ಬೆಂಕಿ, ಕಳವು ಸೇರಿಸಿ ನೆರೆಯನ್ನು ಹೊರಗಿಡುವ ಪಾಲಿಸಿಗಳು ಬೇಕಾದಷ್ಟಿವೆ. ಅದು ಏರಿ ಕಟ್ಟಿದ ಕೆರೆಯಾಗಿದ್ದು ಮನೆ ಏರಿಯ ಕೆಳಭಾಗದಲ್ಲಿದ್ದರೆ ನನ್ನ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯಿತು. ಒಡೆಯುವ ಭಯ ಪಕ್ಕಕ್ಕಿರಲಿ, ಒರತೆ ನೀರಿಗೆ ನೆಲ ವರ್ಷವಿಡೀ ತಣ್ಣಗೆ ಜಿನುಗುತ್ತಿರುತ್ತದೆ.

ಎರಡನೆಯದು, ಯಾವ ದಡ. ಒಂದೇ ಕೆರೆಯ ಎರಡು ದಂಡೆಗಳು ಎರಡು ಬೇರೆ ಊರಿನಂತೆ ಇರಬಹುದು. ಬೇಸಿಗೆಯಲ್ಲಿ ಗಾಳಿ ಹೆಚ್ಚಾಗಿ ಯಾವ ಕಡೆಗೆ ಬೀಸುತ್ತದೋ ಆ ಕಡೆಯ ದಡಕ್ಕೆ ಪಾಚಿಯ ಕೆನೆ, ಸತ್ತ ಮೀನು, ತೇಲುವ ಕಸ ಎಲ್ಲ ಬಂದು ಸೇರುತ್ತವೆ. ನೀರು ಬಟಾಣಿ ಸಾರಿನ ಬಣ್ಣಕ್ಕೆ ತಿರುಗಿ ಮೇಲೆ ಬಣ್ಣ ಚೆಲ್ಲಿದಂತೆ ಪದರ ಕಂಡರೆ ಅದು ನೀಲಿಹಸಿರು ಪಾಚಿ, ನಿಜವಾಗಿ ಒಂದು ಬಗೆಯ ಬ್ಯಾಕ್ಟೀರಿಯಾ. ಅದರ ಕೆಲವು ಜಾತಿಗಳು ಯಕೃತ್ತಿಗೆ ವಿಷವಾಗುವ ಮೈಕ್ರೋಸಿಸ್ಟಿನ್ ಬಿಡುತ್ತವೆ. ಕುಡಿಯುವ ನೀರಿನಲ್ಲಿ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ದೀರ್ಘಕಾಲದ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮೊದಲು ತೊಂದರೆಗೆ ಸಿಲುಕುವುದು ನಾಯಿಗಳು ಮತ್ತು ದಡದಲ್ಲಿ ಆಡುವ ಚಿಕ್ಕ ಮಕ್ಕಳು.

ಕೆರೆಯ ಆರೋಗ್ಯ ನೋಡಲು ದುಬಾರಿ ಸಲಕರಣೆ ಬೇಡ. 20 ಸೆಂ.ಮೀ. ಅಗಲದ ದುಂಡು ತಟ್ಟೆಯನ್ನು ನಾಲ್ಕು ಭಾಗ ಮಾಡಿ ಎದುರುಬದುರು ಭಾಗಗಳಿಗೆ ಕಪ್ಪು, ಬಿಳಿ ಬಳಿಯಿರಿ. ನಡುವೆ ತೂತು ಮಾಡಿ, ಅಡಿಗೆ ತೂಕ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ನಡುಹಗಲು ದೋಣಿಯ ನೆರಳಿರುವ ಕಡೆಯಿಂದ ಇಳಿಸಿ. ಕಾಣದಾಗುವ ಆಳ, ಮೇಲೆ ತರುವಾಗ ಮತ್ತೆ ಕಾಣುವ ಆಳ, ಇವೆರಡರ ಸರಾಸರಿ ಬರೆದುಕೊಳ್ಳಿ. 4 ಮೀಟರ್ ಮೇಲಿದ್ದರೆ ಪೋಷಕಾಂಶ ಕಡಿಮೆಯಿರುವ ತಿಳಿನೀರು. 2ರಿಂದ 4 ಸಾಧಾರಣ. 2 ಮೀಟರಿಗಿಂತ ಕಡಿಮೆಯಾದರೆ ಬೇಸಿಗೆಯಲ್ಲಿ ಪಾಚಿ ಖಚಿತ ಎಂದೇ ಇಟ್ಟುಕೊಳ್ಳಿ. ಮಳೆ ಬಂದ ಮರುದಿನ ಅಳೆಯಬೇಡಿ, ಕೆಮ್ಮಣ್ಣಿನ ಕದಡನ್ನು ಪಾಚಿ ಅಂದುಕೊಳ್ಳುತ್ತೀರಿ.

ಪಾಚಿಗೆ ಮೂಲ ರಂಜಕ: ಗೊಬ್ಬರ, ಸಾಬೂನು, ಮಲಿನ ನೀರು. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ 226 ಎಂಬ ಸಂಖ್ಯೆಯ ಪುಟ್ಟ ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಕಡೆ ಇಂಗಾಲ ಮತ್ತು ಸಾರಜನಕ ಹಾಕಿ, ಒಂದು ಕಡೆ ಮಾತ್ರ ರಂಜಕ ಸೇರಿಸಿದರು. ರಂಜಕ ಬಿದ್ದ ಅರ್ಧ ಹಸಿರಾಯಿತು, ಇನ್ನರ್ಧ ತಿಳಿಯಾಗಿಯೇ ಉಳಿಯಿತು. ಹಾಗಾಗಿ ಕೆರೆಗೆ ಸೇರುವ ಪ್ರತಿ ಹಳ್ಳದ ಗುಂಟ ಒಂದು ಕಿಲೋಮೀಟರ್ ಮೇಲಕ್ಕೆ ನಡೆದು ನೋಡಿ. ಊರಿನ ಚರಂಡಿ ಎಲ್ಲಿ ಕೂಡುತ್ತದೆ, ಹೊಲ ನೀರಂಚಿನವರೆಗೂ ಬಂದಿದೆಯಾ, ನಡುವೆ ಗಿಡಗಂಟಿ ಬಿಟ್ಟಿದ್ದಾರಾ ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಸೊಳ್ಳೆ ವಿಚಾರದಲ್ಲಿ ಎಲ್ಲರೂ ಕೆರೆಯನ್ನು ಬೈಯುತ್ತಾರೆ. ಅಲೆಯಾಡುವ ತೆರೆದ ನೀರಿನಲ್ಲಿ ಸೊಳ್ಳೆ ಮೊಟ್ಟೆ ನಿಲ್ಲುವುದು ಕಷ್ಟ, ಮರಿಗಳನ್ನು ಮೀನೂ ತಿನ್ನುತ್ತವೆ. ಸೊಳ್ಳೆ ಹುಟ್ಟುವುದು ದಡದ ಜೊಂಡಿನೊಳಗಿನ ಕದಲದ ನೀರಿನಲ್ಲಿ, ದನ ತುಳಿದ ಗುಂಡಿಗಳಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಕಾಗಿಯೇ ಇಲ್ಲ. ಹೂಕುಂಡದ ತಟ್ಟೆ, ಟೈರು, ಮುಚ್ಚದ ಟ್ಯಾಂಕು ಸಾಕು. ಆ ಲೆಕ್ಕದಲ್ಲಿ ನಿಮ್ಮ ಬಡಾವಣೆಯೇ ಮುಂದಿದ್ದೀತು. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚನೆ ಹವೆಯಲ್ಲಿ 7ರಿಂದ 10 ದಿನ. ವಾರಕ್ಕೊಮ್ಮೆ ಎಲ್ಲ ಪಾತ್ರೆ ಚೆಲ್ಲಿ, ಒಳಗೋಡೆ ಉಜ್ಜಿದರೆ ಸರಪಳಿ ತುಂಡಾಗುತ್ತದೆ. ದೀಪಕ್ಕೆ ಮುತ್ತುವ, ಕಚ್ಚದ ಸಣ್ಣ ನೊಣಗಳ ಹಿಂಡು ಮಾತ್ರ ದಂಡೆಯವರಿಗೇ ಮೀಸಲು. ಸಂಜೆ ಕೆರೆ ಕಡೆಯ ದೀಪ ಆರಿಸಿ, ಕಿಟಕಿಗೆ ಜಾಲರಿ ಹಾಕಿ.

ಇನ್ನು ತೇವ. ದಂಡೆಯಲ್ಲಿ ಅಂತರ್ಜಲ ಮೇಲೇ ಇರುತ್ತದೆ. ನೆಲದಡಿಯ ಸಂಪ್ ಇದ್ದರೆ ಮಳೆಗಾಲದಲ್ಲಿ ಪೂರ್ತಿ ಖಾಲಿ ಮಾಡಿ ತೊಳೆಯಬೇಡಿ. 10,000 ಲೀಟರ್ ಸಂಪ್‌ನ ಸುತ್ತ ಮೇಲಿನವರೆಗೂ ನೀರಿದ್ದರೆ ಅದನ್ನು ಕೆಳಗಿನಿಂದ ತಳ್ಳುವ ಬಲ 10 ಟನ್ನಿಗಿಂತ ಹೆಚ್ಚು. ತೆಳು ಗೋಡೆಯ ಸಂಪ್ ಬುಡಸಮೇತ ಮೇಲೇಳುತ್ತದೆ, ಇಲ್ಲವೇ ತಳ ಬಿರಿಯುತ್ತದೆ. ಮನೆಯೊಳಗೆ ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಹೊಸದಾಗಿ ಹೊಡೆದಿದ್ದು ಮೇಲೆ ಹಳೆಯದೇ ಇದ್ದರೆ ಕಾರಣ ಕೇಳಿ. ಬೀರು ಸರಿಸಿ ಹಿಂದಿನ ಗೋಡೆ ನೋಡಿ: ಬಿಳಿ ಉಪ್ಪು ಒಡೆದಿದ್ದರೆ ತೇವ ಕೆಳಗಿನಿಂದ ಏರುತ್ತಿದೆ, ಕಪ್ಪು ಬೂಷ್ಟು ಮಾತ್ರ ಇದ್ದರೆ ಗಾಳಿಯಾಡುತ್ತಿಲ್ಲ. ಮೊದಲನೆಯದಕ್ಕೆ ಪಾಯದಲ್ಲಿ ತೇವತಡೆ ಪದರ ಬೇಕು, ಬಲು ಖರ್ಚಿನ ಕೆಲಸ. ಎರಡನೆಯದು ಕಿಟಕಿ ಮತ್ತು ಫ್ಯಾನಿನಿಂದ ಸರಿಹೋಗುತ್ತದೆ. ಮನೆ ಒಳಗಿನ ಆರ್ದ್ರತೆ 60% ಮೀರದಂತೆ ನೋಡಿಕೊಳ್ಳಬೇಕು.

ಇನ್ನೊಂದು: ಕೆರೆ ಪಶ್ಚಿಮಕ್ಕಿದ್ದರೆ ಸಂಜೆ ಎರಡು ಸೂರ್ಯ. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ನೀರು ಮೂರನೇ ಒಂದು ಪಾಲು ಬೆಳಕನ್ನು ಮನೆಯತ್ತ ಎಸೆಯುತ್ತದೆ, ಮತ್ತು ಅದು ಕೆಳಗಿನಿಂದ ಬರುವುದರಿಂದ ಸಜ್ಜೆ ತಡೆಯುವುದಿಲ್ಲ.

ಗಂಟೆಲೆಕ್ಕ:

ಕೋಡಿಮಟ್ಟ ಅವರು ನೀರು ಅಳೆದರು, ನಾನು ಗಂಟೆ ಅಳೆಯುತ್ತೇನೆ.

ಊರಿನಿಂದ: ಒಂದು ದಿಕ್ಕಿಗೆ 100 ನಿಮಿಷ, ಹೋಗಿಬರಲು 200, ವಾರಕ್ಕೆ 3 ದಿನ. 600 ನಿಮಿಷ, ಸರಿಯಾಗಿ 10 ಗಂಟೆ. ಬಡಾವಣೆಯಿಂದ: 110 ನಿಮಿಷ, 3 ದಿನ, ಐದೂವರೆ ಗಂಟೆ. ರಜೆ ಕಳೆದು ವರ್ಷಕ್ಕೆ 46 ವಾರ ಹಿಡಿದರೆ 460 ಗಂಟೆ ಎದುರು 253.

ಇಲ್ಲಿಗೆ ನಿಲ್ಲಿಸಿದರೆ ಬಡಾವಣೆ ಗೆದ್ದಂತೆ ಕಾಣುತ್ತದೆ. ಆದರೆ ಅಲ್ಲಿ ಶಾಲೆ, ಆಟ, ಹಾಡಿನ ಪಾಠ, ಗೆಳೆಯರ ಮನೆ ಎಲ್ಲಕ್ಕೂ ಯಾರಾದರೂ ಗಾಡಿ ತೆಗೆಯಬೇಕು. ಶಾಲೆಗೆ ವ್ಯಾನ್ ಇದೆ ಎಂದೇ ಇಟ್ಟುಕೊಂಡರೂ ಮಿಕ್ಕಿದ್ದಕ್ಕೆ ವಾರಕ್ಕೆ 9 ಓಡಾಟ, ಒಂದಕ್ಕೆ 25 ನಿಮಿಷ ಅಂದರೂ ಮೂರೂಮುಕ್ಕಾಲು ಗಂಟೆ. ಮೊತ್ತ 9 ಗಂಟೆ 15 ನಿಮಿಷ. ಊರಿನ 10 ಗಂಟೆಗೂ ಇದಕ್ಕೂ ಇರುವ ಅಂತರ ಅಷ್ಟೇನಿಲ್ಲ. ವ್ಯತ್ಯಾಸ ಇರುವುದು ಗಂಟೆ ಯಾರ ಪಾಲಿನದು ಎಂಬಲ್ಲಿ. ಊರಲ್ಲಿ ಕಚೇರಿಗೆ ಹೋಗುವವರ ಮೂರು ದಿನ ಪೂರ್ತಿ ಹೋಗುತ್ತವೆ. 4 ವರ್ಷದ ಮಗು 8 ಗಂಟೆಗೆ ಮಲಗಿದರೆ ಆ ಮೂರು ದಿನ ಮಾತಾಡಲು ಸಿಗುವುದಿಲ್ಲ. ಬಡಾವಣೆಯಲ್ಲಿ ಮನೆಯಿಂದ ಕೆಲಸ ಮಾಡುವವರ ಮಧ್ಯಾಹ್ನಗಳು ಚೂರುಚೂರಾಗುತ್ತವೆ. ಮೀಟಿಂಗ್ ನಡುವೆ 25 ನಿಮಿಷ ಎದ್ದು ಹೋಗುವುದೆಂದರೆ ಕೆಲಸದಲ್ಲಿ ಹೋಗುವುದು ಬರೀ 25 ನಿಮಿಷವಲ್ಲ.

ಎರಡು ಪರೀಕ್ಷೆ ಮಾಡಿ. ಕಚೇರಿಯವರು ನಾಳೆ 5 ದಿನ ಬನ್ನಿ ಅಂದರೆ? ಊರಿನ ಲೆಕ್ಕ 16 ಗಂಟೆ 40 ನಿಮಿಷಕ್ಕೆ ಏರುತ್ತದೆ, ಬಡಾವಣೆಯದು ಓಡಾಟ ಬಿಟ್ಟು 9 ಗಂಟೆ 10. ಊರಿನ ಬದುಕು ಆ ಏರಿಕೆ ತಾಳುವುದಿಲ್ಲ. 3 ದಿನ ಎಂಬುದು ನೇಮಕಾತಿ ಪತ್ರದಲ್ಲಿದೆಯಾ ಅಥವಾ ಈಗಿನ ಮ್ಯಾನೇಜರ್ ಕೊಟ್ಟ ಸಡಿಲಿಕೆಯಾ ನೋಡಿಕೊಳ್ಳಿ. ಎರಡನೆಯದು, ಮನೆಯಿಂದ ಕೆಲಸ ಮಾಡುವವರಿಗೆ ಜ್ವರ ಬಂದ ದಿನ, ಅದೇ ದಿನ ಮಗುವಿಗೂ ಬಂದರೆ, 1 ಗಂಟೆ 40 ನಿಮಿಷ ದೂರದಲ್ಲಿರುವವರನ್ನು ಬಿಟ್ಟರೆ ಬರುವವರು ಯಾರು? ಉತ್ತರಕ್ಕೆ ಒಂದು ಹೆಸರು ಸಿಕ್ಕಬೇಕು. "ನೋಡೋಣ" ಉತ್ತರವಲ್ಲ.

ಇಂಟರ್ನೆಟ್ ಅನ್ನು ಹಗಲು ಪರೀಕ್ಷಿಸಬೇಡಿ. ರಾತ್ರಿ 8ರಿಂದ 10ರ ನಡುವೆ, ಅದೇ ಮನೆಯೊಳಗೆ, ಅಪ್‌ಲೋಡ್ ವೇಗ ನೋಡಿ. ವೀಡಿಯೊ ಕರೆ ಒಡೆಯುವುದು ಅಪ್‌ಲೋಡ್ ಸಾಲದಾದಾಗ. ಸಣ್ಣ ಊರಲ್ಲಿ ಕರೆಂಟ್ ಹೋದಾಗ ಟವರ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಕೇಳಿ. ಮನೆಯಲ್ಲಿ ಯು.ಪಿ.ಎಸ್. ಇದ್ದು ಟವರಿನ ಬ್ಯಾಟರಿ ಸತ್ತಿದ್ದರೆ ಪ್ರಯೋಜನವಿಲ್ಲ.

ಬಡಾವಣೆಪಕ್ಷ:

ಬಡಾವಣೆಯನ್ನು ಎಲ್ಲರೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡು ಬಡಾವಣೆಗಳ ನಡುವಿನ ವ್ಯತ್ಯಾಸ, ಊರಿಗೂ ಬಡಾವಣೆಗೂ ಇರುವುದಕ್ಕಿಂತ ದೊಡ್ಡದಿರಬಹುದು. ನೋಡಬೇಕಾದ್ದು ರಸ್ತೆಗಳ ಹೆಣಿಗೆ. ನಕ್ಷೆಯಲ್ಲಿ ಮನೆಯಿಂದ ಅಂಗಡಿ, ಪಾರ್ಕು, ಬಸ್ ನಿಲ್ದಾಣಕ್ಕೆ ನೇರ ಗೆರೆ ಎಳೆದು ಅಳೆಯಿರಿ, ಆಮೇಲೆ ನಡೆಯುವ ದಾರಿ ಅಳೆಯಿರಿ. ನೇರ 400 ಮೀಟರ್ ಇದ್ದದ್ದು ನಡೆದರೆ 550 ಆದರೆ ಒಳ್ಳೆಯದು. 1,200 ಆದರೆ ಅದು ಕಾಂಪೌಂಡುಗಳ ಚಕ್ರವ್ಯೂಹ, ಮಕ್ಕಳು 15 ವರ್ಷದವರೆಗೂ ನಿಮ್ಮ ಗಾಡಿಯ ಹಿಂದಿನ ಸೀಟಿನಲ್ಲೇ ಇರುತ್ತಾರೆ. ಒಮ್ಮೊಮ್ಮೆ ಎರಡು ಕುರುಡು ರಸ್ತೆಗಳ ನಡುವೆ ಒಂದು ಕಾಲುದಾರಿ ಇದ್ದರೆ ಇಡೀ ಬಡಾವಣೆಯೇ ಬದಲಾಗುತ್ತದೆ. ಅದಕ್ಕೆ ಗೇಟು ಹಾಕಿ ಬೀಗ ಜಡಿದಿಲ್ಲ ಎಂದು ಕಣ್ಣಾರೆ ನೋಡಿ ಬನ್ನಿ.

ವೇಗ ಮುಖ್ಯ. ಒಣ ರಸ್ತೆಯಲ್ಲಿ, ಚಾಲಕ ಒಂದು ಸೆಕೆಂಡಿನಲ್ಲಿ ಬ್ರೇಕಿಗೆ ಕಾಲಿಟ್ಟರೆ, 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರಿಗೆ ನಿಲ್ಲುತ್ತದೆ. 50ರ ವೇಗದ್ದು 28 ಮೀಟರಿಗೆ. ಚೆಂಡಿನ ಹಿಂದೆ ಮಗು ಓಡಿಬಂದಾಗ ಎಲ್ಲ ನಿರ್ಧಾರವಾಗುವುದು ಈ 15 ಮೀಟರಿನಲ್ಲಿ. ಮನೆ ಮುಂದಿನ ರಸ್ತೆ ಅಗಲ, ನೇರ, ಉಬ್ಬಿಲ್ಲದ್ದಾದರೆ ಫಲಕದಲ್ಲಿ 30 ಎಂದಿದ್ದರೂ ಯಾರೂ 30ರಲ್ಲಿ ಹೋಗುವುದಿಲ್ಲ.

ಒಂದೇ ಸಲಕ್ಕೆ ಕಟ್ಟಿದ ಬಡಾವಣೆಗೆ ಒಂದು ಗುಣವಿದೆ: ಎಲ್ಲವೂ ಒಟ್ಟಿಗೆ ವಯಸ್ಸಾಗುತ್ತವೆ. ನಿಮ್ಮದು 6 ವರ್ಷದ್ದು. ಸಣ್ಣ ಮಕ್ಕಳಿರುವ ದಂಪತಿಗಳೇ ಒಟ್ಟಿಗೆ ಬಂದಿರುತ್ತಾರೆ, ಈಗ 4ರಿಂದ 10 ವರ್ಷದ ಮಕ್ಕಳು ಬೀದಿ ತುಂಬ ಸಿಗುತ್ತಾರೆ. ನಿಮ್ಮ ಮಕ್ಕಳಿಗೆ ಇದು ಬಹಳ ಒಳ್ಳೆಯ ಕಾಲ, ಊರಿನ ಒಂದೇ ಶಾಲೆಯಲ್ಲಿ ಇಷ್ಟು ಓರಗೆಯವರು ಸಿಗುವುದು ಕಷ್ಟ. ಅದೇ ಕಾರಣಕ್ಕೆ ಶಾಲೆಗಳು ಭರ್ತಿಯಾಗಿರುತ್ತವೆ. "ಮೂರು ಶಾಲೆ ಇವೆ" ಎಂಬುದಕ್ಕೂ "ಮೂರು ಶಾಲೆಯಲ್ಲಿ ಸೀಟು ಇದೆ" ಎಂಬುದಕ್ಕೂ ಅಂತರವಿದೆ. 9 ವರ್ಷದವರ ತರಗತಿಗೆ ನಡುವೆ ಸೇರಿಸಿಕೊಳ್ಳುತ್ತಾರಾ ಎಂದು ಈಗಲೇ ಲಿಖಿತವಾಗಿ ಕೇಳಿ. ಪಂಪು, ಲಿಫ್ಟು, ರಸ್ತೆ ಡಾಂಬರು, ಒಳಚರಂಡಿ ಮುಚ್ಚಳ ಎಲ್ಲವೂ ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಕೈಕೊಡುತ್ತವೆ. ನಿವಾಸಿ ಸಂಘದ ನಿಧಿಯಲ್ಲಿ ದುರಸ್ತಿಗೆ ಬೇರೆಯಾಗಿ ಎಷ್ಟು ಎತ್ತಿಟ್ಟಿದ್ದಾರೆ ಎಂದು ಕಳೆದ ಎರಡು ವರ್ಷದ ಲೆಕ್ಕಪತ್ರ ನೋಡಿ.

ನೆರೆ ಕೆರೆಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಎಷ್ಟೋ ಬಡಾವಣೆ ತಗ್ಗು ಜೌಗು ತುಂಬಿಸಿ ಎಬ್ಬಿಸಿದ್ದು. ಹಳೆಯ ಭೂನಕ್ಷೆ ತೆಗೆಸಿ ಈಗಿನದರ ಪಕ್ಕ ಇಟ್ಟು ನೋಡಿ, ಹಳ್ಳದ ಗೆರೆ ನಿಮ್ಮ ರಸ್ತೆ ಮೇಲೆ ಹಾದಿದ್ದರೆ ನೀರು ಆ ದಾರಿಯನ್ನು ಮರೆತಿರುವುದಿಲ್ಲ. ಕೆರೆ ಏರುವುದು ಕಣ್ಣಿಗೆ ಕಾಣುತ್ತದೆ, ಸಮಯ ಸಿಗುತ್ತದೆ. ಚರಂಡಿ ಉಕ್ಕಿ ಬರುವ ನೀರಿಗೆ ಅರ್ಧ ಗಂಟೆಯ ಜೋರು ಮಳೆ ಸಾಕು.

ಎರಡುಮನಸ್ಸು:

ಎಲ್ಲರಿಗೂ ಧನ್ಯವಾದ. ಮಟ್ಟದ ಪೈಪ್ ಉಪಾಯ ಮಾಡಿಯೇ ಮಾಡುತ್ತೇವೆ. ಎರಡು ಭಯ ಉಳಿದಿವೆ: 4 ವರ್ಷದವನು ಮತ್ತು ನೀರು, ಅತ್ತೆಯವರು ಮತ್ತು ಆಸ್ಪತ್ರೆ. ಊರಲ್ಲಿ ಸಣ್ಣ ಆಸ್ಪತ್ರೆಯಿದೆ, ಹೃದಯದ ಕ್ಯಾಥ್ ಲ್ಯಾಬ್ (ಕಟ್ಟಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ಇರುವುದು 62 ಕಿ.ಮೀ. ದೂರದಲ್ಲಿ.

ದಡಕಾವಲು:

ಮೊದಲನೆಯದಕ್ಕೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗುತ್ತಿರುತ್ತದೆ, ಉಸಿರಿಗೇ ಸಮಯ ಸಾಲದು. ಒಂದು ನಿಮಿಷದೊಳಗೆ ಮುಗಿದುಹೋಗಬಹುದು. ಆದ್ದರಿಂದ "ಕೂಗಿದರೆ ಕೇಳಿಸುವ ದೂರದಲ್ಲಿದ್ದೇವೆ" ಎಂಬುದಕ್ಕೆ ಅರ್ಥವಿಲ್ಲ. ನೀರಂಚಿನಲ್ಲಿ 4 ವರ್ಷದವರಿಗೆ ದೊಡ್ಡವರು ತೋಳಳತೆಯಲ್ಲಿರಬೇಕು, ಕೈಯಲ್ಲಿ ಮೊಬೈಲ್ ಇರಬಾರದು.

ಬೇಲಿ ಕೆರೆಗಲ್ಲ, ಮನೆಗೆ ಹಾಕಿಸಿ. ಅಂಗಳದ ಸುತ್ತ ಕನಿಷ್ಠ 1.2 ಮೀಟರ್ ಎತ್ತರ, ಲಂಬ ಸರಳುಗಳ ನಡುವೆ 10 ಸೆಂ.ಮೀ.ಗಿಂತ ಕಡಿಮೆ ಸಂದು, ಹತ್ತಲು ಕಾಲಿಗೆ ಸಿಗುವಂಥ ಅಡ್ಡಪಟ್ಟಿ ಒಳಗಡೆ ಬೇಡ, ಹೊರಗಡೆ ಇರಲಿ. ಗೇಟು ತಾನೇ ಮುಚ್ಚಿ ತಾನೇ ಚಿಲಕ ಬೀಳಬೇಕು, ಚಿಲಕ 1.5 ಮೀಟರ್ ಎತ್ತರದಲ್ಲಿ. ಸಾಮಾನ್ಯವಾಗಿ ಕೆಡುವುದು ಇಲ್ಲೇ: ಕೀಲು ಜಗ್ಗಿ ಗೇಟು ಅರ್ಧಕ್ಕೆ ನಿಲ್ಲುತ್ತದೆ, ಯಾರೋ ಸಾಮಾನು ಒಳಗೆ ತರಲು ಕಲ್ಲು ಒತ್ತರಿಸಿ ಮರೆತುಬಿಡುತ್ತಾರೆ, ಬೇಲಿ ಪಕ್ಕ ಕುರ್ಚಿ ಉಳಿದಿರುತ್ತದೆ. ತಿಂಗಳಿಗೊಮ್ಮೆ ಗೇಟನ್ನು ಒಂದು ಗೇಣು ತೆರೆದು ಬಿಟ್ಟು ನೋಡಿ, ಚಿಲಕದ ಸದ್ದು ಬರಬೇಕು. ಬಾವಿಗೆ ಕಟ್ಟೆ ಸಾಲದು, ಬೀಗ ಹಾಕುವ ಕಬ್ಬಿಣದ ಜಾಲರಿ ಬೇಕು. ಒಂದು ಬಕೆಟ್ ನೀರೂ ಅಪಾಯವೇ, ಎಳೆ ಮಕ್ಕಳಿಗೆ 5 ಸೆಂ.ಮೀ. ನೀರು ಸಾಕು. ಇದು ಬಡಾವಣೆಗೂ ಅನ್ವಯ.

ಈಜು ಕಲಿಸಿ, ಆದರೆ ಕೊಳದ ಈಜು ಬೇರೆ, ಕೆರೆ ಬೇರೆ. ಕೆರೆಯಲ್ಲಿ ತಳ ಕಾಣುವುದಿಲ್ಲ, ಎರಡು ಹೆಜ್ಜೆಯಲ್ಲಿ ಆಳ ಇಳಿಯುತ್ತದೆ, ಹೂಳು ಕಾಲು ಹಿಡಿಯುತ್ತದೆ, ಬಳ್ಳಿ ಸುತ್ತಿಕೊಳ್ಳುತ್ತದೆ. ತೂಬಿನ ಬಾಯಿಯ ಸೆಳೆತ ಮೇಲಿನಿಂದ ಗೊತ್ತೇ ಆಗುವುದಿಲ್ಲ. ತೋಳಿಗೆ ಹಾಕುವ ಗಾಳಿ ತುಂಬಿದ ಬಳೆಗಳು ಆಟಿಕೆ, ರಕ್ಷಣೆ ಅಲ್ಲ. ದೋಣಿಗೆ ತೂಕಕ್ಕೆ ತಕ್ಕ ಲೈಫ್ ಜಾಕೆಟ್, ಕಾಲಸಂದಿಯ ಪಟ್ಟಿ ಸಮೇತ. ಭುಜ ಹಿಡಿದು ಮೇಲೆತ್ತಿದಾಗ ಜಾಕೆಟ್ ಕಿವಿ ದಾಟಿ ಮೇಲೆ ಬಂದರೆ ಅದು ದೊಡ್ಡದಾಯಿತು.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ, ಕಾಪಾಡಲು ಹೋದವರೂ ಮುಳುಗಿದ ಪ್ರಕರಣಗಳಿಗೆ ಲೆಕ್ಕವಿಲ್ಲ. ಕೋಲು ಚಾಚಿ, ಹಗ್ಗ ಎಸೆಯಿರಿ, ಮುಚ್ಚಿದ ಖಾಲಿ ಕ್ಯಾನ್ ಎಸೆಯಿರಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ, ಹೊಟ್ಟೆಯಲ್ಲಿದ್ದದ್ದು ಶ್ವಾಸಕ್ಕೆ ಹೋಗುತ್ತದೆ. ಉಸಿರಿಲ್ಲದಿದ್ದರೆ ಮೊದಲು 5 ಸಲ ಬಾಯಿಂದ ಉಸಿರು ಕೊಡಿ. ಪ್ರತಿ ಸಲ ಎದೆ ಏಳಬೇಕು. ಆಮೇಲೆ 30 ಎದೆಯೊತ್ತು, 2 ಉಸಿರು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಮುಳುಗಿದವರಿಗೆ ಕೊರತೆಯಾಗಿರುವುದು ಆಮ್ಲಜನಕ, ಅದಕ್ಕೇ ಉಸಿರು ಮೊದಲು. ಸಿ.ಪಿ.ಆರ್. ಎನ್ನುವ ಈ ಉಸಿರು, ಎದೆಯೊತ್ತಿನ ಕ್ರಮವನ್ನು ಓದಿ ಕಲಿಯಲಾಗದು, ಬೊಂಬೆ ಇಟ್ಟು ಕಲಿಸುವ ತರಬೇತಿಗೆ ಮನೆಯ ದೊಡ್ಡವರೆಲ್ಲ ಹೋಗಬೇಕು, ಅತ್ತೆಯವರೂ.

ಗಂಟೆಲೆಕ್ಕ:

ಆಸ್ಪತ್ರೆಗೆ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತದಲ್ಲಿ, ಎಲ್ಲ ಸೇರಿ 2 ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದು. ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಹತ್ತಿರದಲ್ಲೇ ಕೊಟ್ಟು ಮುಂದೆ ಸಾಗಿಸುತ್ತಾರೆ. ಪಾರ್ಶ್ವವಾಯುವಿಗೆ ಕರಗಿಸುವ ಔಷಧದ ಗಡಿ ನಾಲ್ಕೂವರೆ ಗಂಟೆ, ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಹಾಗಾಗಿ ಊರಿನ ಆಸ್ಪತ್ರೆಯಲ್ಲಿ ಕೇಳಬೇಕಾದ್ದು "ಡಾಕ್ಟರ್ ಇದ್ದಾರಾ" ಎಂದಲ್ಲ. ರಾತ್ರಿ 2 ಗಂಟೆಗೆ ಇ.ಸಿ.ಜಿ. ತೆಗೆದು ಓದುವವರಿದ್ದಾರಾ? ಕರಗಿಸುವ ಇಂಜೆಕ್ಷನ್ ದಾಸ್ತಾನಿದೆಯಾ? ಸಿ.ಟಿ. ಇದೆಯಾ? ಆಂಬುಲೆನ್ಸ್ ಎಷ್ಟಿವೆ, ಒಂದು ಹೊರಗೆ ಹೋಗಿದ್ದರೆ ಎರಡನೆಯದು ಎಲ್ಲಿಂದ ಬರುತ್ತದೆ?

ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ 62 ಕಿ.ಮೀ. ಅಷ್ಟೇನೂ ಭಯಂಕರವಲ್ಲ. ಮೊದಲೆರಡಕ್ಕೆ ಇಲ್ಲ ಎಂದಾದರೆ, ಸ್ಟೆಂಟ್ ಹಾಕಿದ 71ರ ಅತ್ತೆಯವರ ಜೊತೆ ನಾನಾದರೆ ಆ ಊರಿಗೆ ಹೋಗುವುದಿಲ್ಲ. ಉಳಿದ ಯಾವ ಲೆಕ್ಕವೂ ಇದನ್ನು ಸರಿದೂಗಿಸುವುದಿಲ್ಲ.

ಸೀಸನ್‌ಮುಗಿದಮೇಲೆ:

ಯಾರೂ ಹೇಳದ್ದು: ಪ್ರವಾಸಿಗರು ಬರುವ ಕೆರೆಯೂರಾ? ಆಗಿದ್ದರೆ ಅಲ್ಲಿ ಎರಡು ಊರಿವೆ. ಸೀಸನ್‌ನಲ್ಲಿ ಜನ ಹಲವು ಪಟ್ಟು. ಕಸ, ಪಾರ್ಕಿಂಗ್, ಮಲಿನ ನೀರಿನ ಘಟಕ ಎಲ್ಲದರ ಮೇಲೂ ಒತ್ತಡ. ಸೀಸನ್ ಮುಗಿದ ಮೇಲೆ ಅರ್ಧ ಅಂಗಡಿಗಳಿಗೆ ಬೀಗ. ಎರಡೂ ಕಾಲದಲ್ಲಿ ಒಂದೊಂದು ವಾರದ ನಡುವಿನ ದಿನ, ಭಾನುವಾರವಲ್ಲ, ಹೋಗಿ ನೋಡಿ. ಪಕ್ಕದ ಮನೆಗಳಲ್ಲಿ ಎಷ್ಟು ದಿನಬಾಡಿಗೆಯವು ಎಂದು ಎಣಿಸಿ. ಐದರಲ್ಲಿ ಮೂರು ಹಾಗಿದ್ದರೆ ಮಕ್ಕಳಿಗೆ ನೆರೆಹೊರೆ ಎಂಬುದು ಇರುವುದಿಲ್ಲ, ವಾರಕ್ಕೊಂದು ಹೊಸ ಮುಖ. ಸಂಜೆ ನೀರಿನ ಮೇಲಿನ ಗಾಳಿ ತಂಪಾಗಿ ಮೇಲಿನದು ಬೆಚ್ಚಗಿದ್ದಾಗ ಸದ್ದು ಕೆಳಕ್ಕೆ ಬಾಗಿ ದೂರದವರೆಗೆ ಬರುತ್ತದೆ, ಎದುರು ದಡದ ಸ್ಪೀಕರ್ ನಿಮ್ಮ ಮಲಗುವ ಕೋಣೆಯಲ್ಲೇ ಹಾಡುತ್ತದೆ.

ಕೊಳ್ಳುವ ಮೊದಲು ಬಾಡಿಗೆಗೆ ಇರಿ. ಪೂರ್ತಿ ವರ್ಷ ಆಗದಿದ್ದರೆ ಕೆರೆ ತುಂಬುವ ತಿಂಗಳು, ಬತ್ತುವ ತಿಂಗಳು ಎರಡನ್ನೂ ಕಾಣುವಂತೆ. ಕರಾರಿನಲ್ಲಿ ಸೀಸನ್‌ಗೆ ಮನೆ ಬಿಡಬೇಕೆಂಬ ಷರತ್ತು ಇದೆಯಾ ನೋಡಿ, ಅಂಥ ಊರುಗಳಲ್ಲಿ ಒಂಬತ್ತು ತಿಂಗಳ ಬಾಡಿಗೆ ಮಾಮೂಲು. ಬತ್ತಿದಾಗ ಎದುರಿಗೆ ತೆರೆದುಕೊಳ್ಳುವ ಜಾಗ ಸಾಮಾನ್ಯವಾಗಿ ನಿಮ್ಮದಾಗುವುದಿಲ್ಲ. ಪತ್ರದಲ್ಲಿ ಗಡಿ "ನೀರಂಚು" ಎಂದಷ್ಟೇ ಇದ್ದರೆ ಯಾವ ಮಟ್ಟದ ನೀರಂಚು ಎಂದು ಸರ್ವೇಯಿಂದ ಬರೆಸಿಕೊಳ್ಳಿ. ಮಾರಲು ಹೊರಟರೆ ಸಣ್ಣ ಊರಲ್ಲಿ ಕೊಳ್ಳುವವರು ಕೈಬೆರಳೆಣಿಕೆ, ಬಡಾವಣೆಯ ಮನೆ ಬೇಗ ಕೈಬಿಡುತ್ತದೆ.

9 ವರ್ಷದವರಿಗೆ ಒಂದೇ ಶಾಲೆ ಈಗ ಸಾಕು. ಮೇಲಿನ ತರಗತಿಗಳಲ್ಲಿ ಗಣಿತ, ರಸಾಯನಶಾಸ್ತ್ರಕ್ಕೆ ಎಷ್ಟು ಜನ ಶಿಕ್ಷಕರು ಎಂದು ಕೇಳಿ. ವಿಷಯಕ್ಕೆ ಒಬ್ಬರೇ ಇದ್ದು ಅವರು ವರ್ಗವಾಗಿ ಹೋದರೆ ಆ ವರ್ಷ ಪಾಠವಿಲ್ಲ.

ಎರಡುಮನಸ್ಸು:

ಬಾವಿ ನೀರಿನ ಪರೀಕ್ಷೆಗೆ ಏನೇನು ಬರೆಸಬೇಕು? ಸೆಪ್ಟಿಕ್ ಟ್ಯಾಂಕ್ ಬಾವಿಗೆ 18 ಮೀಟರ್ ದೂರದಲ್ಲಿದೆ ಅಂತ ಮನೆಯವರು ಹೇಳುತ್ತಾರೆ.

ಕೋಡಿಮಟ್ಟ:

18 ಮೀಟರ್ ಟ್ಯಾಂಕಿಗೋ ಇಂಗುಗುಂಡಿಗೋ (ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿಗಿಳಿಯುವ ಗುಂಡಿ) ಎಂದು ಮೊದಲು ಕೇಳಿ. ಸೋರುವುದು ಇಂಗುಗುಂಡಿ, ಅಳೆಯಬೇಕಾದ್ದು ಅಲ್ಲಿಂದ. 30 ಮೀಟರ್ ಇದ್ದರೆ ಚೆನ್ನ. ಮರಳು ನೆಲದಲ್ಲಿ 18 ನನಗೆ ಒಪ್ಪಿಗೆಯಿಲ್ಲ, ಮಲಿನ ನೀರು ಸೋಸುವ ಮೊದಲೇ ಓಡಿಬಿಡುತ್ತದೆ. ಬಾವಿ ಇಳಿಜಾರಿನ ಮೇಲುಗಡೆ ಇರಬೇಕು, ಗುಂಡಿ ಕೆಳಗಡೆ. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲಕ್ಕೂ ನಡುವೆ ಕನಿಷ್ಠ 60 ಸೆಂ.ಮೀ., ಸಾಧ್ಯವಾದರೆ 1 ಮೀಟರಿಗಿಂತ ಹೆಚ್ಚು, ಒಣ ಮಣ್ಣಿರಬೇಕು. ದಂಡೆಯ ಮನೆಗಳಲ್ಲಿ ತಪ್ಪುವುದೇ ಇದು. ಬೇಸಿಗೆಯಲ್ಲಿ ಎಲ್ಲ ಸರಿಯಿರುತ್ತದೆ, ಕೆರೆ ತುಂಬಿದಾಗ ಗುಂಡಿಯೇ ಅಂತರ್ಜಲದೊಳಗೆ ಕೂತಿರುತ್ತದೆ, ಶೌಚಾಲಯದ ನೀರು ಇಳಿಯದೆ ಗುಳುಗುಳು ಅನ್ನುತ್ತದೆ. ಟ್ಯಾಂಕಿನ ಹೂಳು ಕೊನೆಯ ಸಲ ಯಾವಾಗ ತೆಗೆಸಿದರು, ರಸೀದಿ ಇದೆಯಾ ಕೇಳಿ. ನಿಮ್ಮಷ್ಟು ಜನಕ್ಕೆ 3ರಿಂದ 5 ವರ್ಷಕ್ಕೊಮ್ಮೆ ಆಗಬೇಕು.

ಪರೀಕ್ಷೆಗೆ: ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ, 100 ಮಿ.ಲೀ.ನಲ್ಲಿ ಒಂದೂ ಇರಬಾರದು), ನೈಟ್ರೇಟ್ (ಲೀಟರಿಗೆ 50 ಮಿ.ಗ್ರಾಂ. ಒಳಗೆ), ಫ್ಲೋರೈಡ್ (1.5 ಒಳಗೆ), ಆರ್ಸೆನಿಕ್, ಕಬ್ಬಿಣ, ಕ್ಲೋರೈಡ್. ನೈಟ್ರೇಟ್ ಮತ್ತು ಕ್ಲೋರೈಡ್ ಎರಡೂ ಅಕ್ಕಪಕ್ಕದ ಬಾವಿಗಳಿಗಿಂತ ಹೆಚ್ಚಿದ್ದರೆ ಇಂಗುಗುಂಡಿಯ ಮೇಲೆ ಅನುಮಾನ ಪಡಿ. ನೈಟ್ರೇಟ್ ಕುದಿಸಿದರೆ ಹೋಗದು. ಇ. ಕೋಲಿ ಮಾದರಿಗೆ ಪ್ರಯೋಗಾಲಯದವರೇ ಕೊಟ್ಟ ಕ್ರಿಮಿಮುಕ್ತ ಬಾಟಲಿ, ಐಸ್ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ಒಂದು ಮಾದರಿ ಈಗ ಕೊಡಿ, ಇನ್ನೊಂದು ಜೋರು ಮಳೆಯಾದ ಎರಡು ಮೂರು ದಿನಕ್ಕೆ. ಮುಂಗಡ ಕೊಡುವುದು ಎರಡನೆಯ ವರದಿ ಕೈಗೆ ಬಂದ ಮೇಲೆ.